ಹಿಮದ ಆಸೆ ಯಾರದು?

'777 ಚಾರ್ಲಿ' ತೆರೆಗೆ ಬಂದದ್ದು 2022ರ ಜೂನ್ 10ರಂದು. ಅಂದಿನಿಂದ ಮನುಷ್ಯ ಮತ್ತು ನಾಯಿಯ ನಂಟಿನ ಮಾತು ಬಂದಲ್ಲೆಲ್ಲ ಈ ಚಿತ್ರದ ಹೆಸರು ಬರುತ್ತದೆ, ಬಂದ ಮೇಲೆ ಬೇರೆ ಮಾತೇ ಹೊರಡುವುದಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ, ತೀರಿಹೋದ ತಮ್ಮ ನಾಯಿಯನ್ನು ನೆನೆದು ಅತ್ತರು. ಸರ್ಕಾರ ಆರು ತಿಂಗಳು ತೆರಿಗೆ ವಿನಾಯಿತಿ ಕೊಟ್ಟಿತು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಸಿಕ್ಕಿತು. ನಿರ್ದೇಶಕ ಕಿರಣ್‌ರಾಜ್ ಅವರ ಶ್ರಮದ ಬಗ್ಗೆ, ರಕ್ಷಿತ್ ಶೆಟ್ಟಿಯವರ ನಟನೆಯ ಬಗ್ಗೆ ಬರೆಯಬೇಕಾದ್ದನ್ನೆಲ್ಲ ಬರೆದಾಗಿದೆ. ನನ್ನ ತಕರಾರಿರುವುದು ಒಂದೇ ಹೊಗಳಿಕೆಯ ಮೇಲೆ. ನಾಯಿಯನ್ನು ಹೇಗೆ ಪ್ರೀತಿಸಬೇಕೆಂದು ಈ ಚಿತ್ರ ಕಲಿಸುತ್ತದೆ ಎನ್ನುತ್ತಾರಲ್ಲ, ಅದನ್ನು ನಾನು ಒಪ್ಪಲಾರೆ.

ಮೊದಲ ಭಾಗ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆ, ಮನೆ, ಇಡ್ಲಿ, ಸಿಗರೇಟು, ಚಾಪ್ಲಿನ್ ಸಿನಿಮಾ, ಇಷ್ಟರಲ್ಲೇ ಬದುಕು ಮುಗಿಸಿಕೊಂಡಿದ್ದ ನಾಯಕ ಧರ್ಮನ ಮನೆಗೆ, ಮುಂದೆ ಚಾರ್ಲಿ ಎನಿಸಿಕೊಳ್ಳುವ ಒಂದು ಹೆಣ್ಣು ಲ್ಯಾಬ್ರಡಾರ್ ನುಗ್ಗುತ್ತದೆ. ಮನೆ ಚೆಲ್ಲಾಪಿಲ್ಲಿಯಾಗುತ್ತದೆ. ಅವನು ರೇಗುತ್ತಾನೆ, ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳಲು ನೋಡುತ್ತಾನೆ. ನಾಯಿ ಸಾಕಿದವರೆಲ್ಲ ಈ ಘಟ್ಟ ದಾಟಿ ಬಂದವರೇ. ಇಲ್ಲಿ ನಾಯಿ ನಾಯಿಯಾಗಿಯೇ ಇದೆ, ಅದರ ಕಾಟವೂ ನಿಜವಾಗಿದೆ.

ಚಿತ್ರ ಹಳಿ ತಪ್ಪುವುದು ಟೀವಿಯ ಮುಂದೆ. ಪರದೆಯ ಮೇಲೆ ಹಿಮ ಬರುತ್ತದೆ, ಚಾರ್ಲಿ ಅದರತ್ತ ಸೆಳೆಯಲ್ಪಡುತ್ತಾಳೆ, ಅವಳಿಗೆ ಹಿಮವೆಂದರೆ ಆಸೆ ಎಂದು ಧರ್ಮ ತಿಳಿಯುತ್ತಾನೆ. ಮುಂದಿನ ಸಾವಿರಾರು ಕಿಲೋಮೀಟರ್ ಪ್ರಯಾಣ, ಕಾಶ್ಮೀರ, ಸಾವು, ನಮ್ಮ ಕಣ್ಣೀರು, ಎಲ್ಲ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಹಾಗಾಗಿ ಇಲ್ಲಿ ನಿಧಾನಿಸಬೇಕು.

ಚಾರ್ಲಿಗೆ ಹಿಮ ಬೇಕೆಂದು ನಮಗೆ ಹೇಳಿದವರು ಯಾರು? ಸಂಕಲನಕಾರರು. ನಾಯಿಯ ಮುಖ, ಹಿಮದ ಚಿತ್ರ, ಮತ್ತೆ ನಾಯಿಯ ಮುಖ, ಕೆಳಗೆ ಸಂಗೀತ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೊವ್ ಒಬ್ಬ ನಟನ ಭಾವವಿಲ್ಲದ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ಮುಖ ಒಂದೇ ಆದರೂ ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ಅದು ಸಿನಿಮಾ ಕಲೆಯ ಮೊದಲ ಪಾಠಗಳಲ್ಲೊಂದು. ಮನುಷ್ಯನ ಮುಖದ ಮೇಲೆ ಈ ಉಪಾಯ ಬಳಸಿದಾಗ, ಪಾತ್ರ ಬಾಯಿಬಿಟ್ಟು ಅದನ್ನು ಅಲ್ಲಗಳೆಯುವ ಅವಕಾಶವಾದರೂ ಇರುತ್ತದೆ. ನಾಯಿಗೆ ಆ ಅವಕಾಶವಿಲ್ಲ. ಅದರ ಮುಖದ ಮೇಲೆ ನಾವು ಏನು ಬರೆದರೂ ಅದೇ ಉಳಿಯುತ್ತದೆ.

ನಾಯಿಯ ಮುಖವಾದರೋ ಬರೆಸಿಕೊಳ್ಳಲೆಂದೇ ಆದಂತಿದೆ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಒಂದು ಸಣ್ಣ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗೆ ಬೆಳೆದಿಲ್ಲ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹುಬ್ಬು ಎತ್ತಿದ ನಾಯಿ ನಮಗೆ ನೊಂದ ಮಗುವಿನ ಹಾಗೆ ಕಾಣುತ್ತದೆ. ತಪ್ಪು ಮಾಡಿದ ನಾಯಿಯ 'ಅಪರಾಧಿ ಮುಖ'ವೂ ಇಂಥದ್ದೇ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರ ತಮ್ಮ ಪ್ರಯೋಗದಲ್ಲಿ ಕಂಡಂತೆ, ಆ ಮುಖ ಹೊಮ್ಮುತ್ತಿದ್ದದ್ದು ನಾಯಿ ತಪ್ಪು ಮಾಡಿದಾಗಲ್ಲ, ಯಜಮಾನ ಗದರಿದಾಗ. ನಾವು ಮನಸ್ಸಾಕ್ಷಿ ಎಂದು ಓದಿದ್ದು ಅದರ ಅಂಜಿಕೆಯಾಗಿತ್ತು. ಇಷ್ಟು ಸುಲಭವಾಗಿ ತಪ್ಪು ಓದಬಹುದಾದ ಮುಖವನ್ನು ಇನ್ನಷ್ಟು ಎಚ್ಚರದಿಂದ ಓದಬೇಕಿತ್ತು. ಚಿತ್ರ ಆ ತಪ್ಪು ಓದನ್ನೇ ಬಂಡವಾಳ ಮಾಡಿಕೊಂಡಿತು.

ನಮ್ಮ ಮನೆಯಲ್ಲಿದ್ದ ಚುಕ್ಕಿ ಊರುನಾಯಿ. ಹದಿಮೂರು ವರ್ಷ ಬದುಕಿದಳು. ಟೀವಿಯಲ್ಲಿ ಹುಲಿ ಗರ್ಜಿಸಿದರೂ ತಲೆ ಎತ್ತುತ್ತಿರಲಿಲ್ಲ. ಎರಡು ತಿರುವು ಆಚೆ ಮೀನಿನವನ ಹಾರ್ನ್ ಕೇಳಿದರೆ ಅಂಗಳಕ್ಕೆ ಜಿಗಿಯುತ್ತಿದ್ದಳು. ನಾನು ಊರಿಂದ ಬಂದ ದಿನ ಅವಳು ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಚಪ್ಪಲಿ ಮೂಸಿ, ಪಂಚೆಯ ಅಂಚು ಮೂಸಿ, ನಾನು ಎಲ್ಲೆಲ್ಲಿ ಹೋಗಿದ್ದೆ ಎಂದು ಓದಿ ಮುಗಿಸಿ ಆಮೇಲೆ ಬಾಲ ಆಡಿಸುತ್ತಿದ್ದಳು. ನಾಯಿಯ ಲೋಕ ಮೂಗಿನಲ್ಲಿದೆ. ಗಾಜಿನ ಹಿಂದಿರುವ, ವಾಸನೆಯಿಲ್ಲದ, ತಣ್ಣಗೂ ಇಲ್ಲದ ಹಿಮವನ್ನು ಅದು ಜೀವಮಾನದ ಆಸೆ ಮಾಡಿಕೊಳ್ಳುತ್ತದೆ ಎಂಬುದು ಕಣ್ಣಿನ ಲೋಕದಲ್ಲಿರುವ ಮನುಷ್ಯ ಹೊಸೆದ ಕತೆ. ಹಿಮದ ಆಸೆ ಧರ್ಮನದು. ಹಾಗೆಂದು ಚಿತ್ರ ಒಪ್ಪಿಕೊಂಡಿದ್ದರೆ, ನಾಯಿಯ ಹೆಸರಿನಲ್ಲಿ ತನ್ನ ದುಃಖಕ್ಕೆ ದಾರಿ ಹುಡುಕುವ ಒಂಟಿ ಮನುಷ್ಯನ ದೊಡ್ಡ ಕತೆಯಾಗುತ್ತಿತ್ತು.

ಇನ್ನು ಕಾಯಿಲೆ. ಚಾರ್ಲಿಗಿರುವುದು ಹೆಮಾಂಜಿಯೋಸಾರ್ಕೋಮಾ, ರಕ್ತನಾಳದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್. ನಾಯಿಗಳಲ್ಲಿ ಇದು ಹೆಚ್ಚಾಗಿ ಗುಲ್ಮದಲ್ಲಿ, ಹೃದಯದಲ್ಲಿ ಕಾಣಿಸುತ್ತದೆ. ಗಡ್ಡೆ ಒಡೆದರೆ ಒಳಗೇ ರಕ್ತ ಸುರಿಯುತ್ತದೆ, ಒಸಡು ಬಿಳಚುತ್ತದೆ, ನಾಯಿ ನಿಂತಲ್ಲೇ ಕುಸಿಯುತ್ತದೆ. ಇಂಥ ಜೀವವನ್ನು ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ದೇಶದ ಉದ್ದಕ್ಕೂ ಒಯ್ಯುವುದನ್ನು ಚಿತ್ರ ಪ್ರೀತಿಯ ಪರಾಕಾಷ್ಠೆ ಎನ್ನುತ್ತದೆ. ಸಾಯುವ ನಾಯಿಯ ಆರೈಕೆ ಮಾಡಿದವರಿಗೆ ಗೊತ್ತು: ಅಲ್ಲಿ ದಾರಿ ಸಾಗುವುದಿಲ್ಲ, ಒಂದು ಮೂಲೆಯಲ್ಲೇ ದಿನ ಸಾಗುತ್ತದೆ. ಹೊಟ್ಟೆಯಡಿ ಟವೆಲ್ ಕೊಟ್ಟು ಎತ್ತಿ ನಿಲ್ಲಿಸಬೇಕು. ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ನೆಲದ ಮೇಲೆ ಉಗುರು ಜಾರದಂತೆ ಗೋಣಿಚೀಲ ಹಾಸಬೇಕು. ಅನ್ನವನ್ನು ಗಂಜಿಯಂತೆ ಕಿವುಚಿ ಬೆರಳಿನಿಂದ ನೆಕ್ಕಿಸಬೇಕು. ಒದ್ದೆಯಾದ ಬಟ್ಟೆಯನ್ನು ದಿನಕ್ಕೆ ನಾಲ್ಕು ಸಲ ಒಗೆಯಬೇಕು. ಎರಡೂವರೆ ಗಂಟೆ ಮೀರಿದ ಚಿತ್ರಕ್ಕೆ ಈ ಮೂಲೆಯಲ್ಲಿ ಕೂರುವ ತಾಳ್ಮೆ ಇರಲಿಲ್ಲ.

ಇಲ್ಲಿ ನಮ್ಮ ಕೆಲವು ವಿಮರ್ಶಕ ಮಿತ್ರರೊಡನೆ ಜಗಳ ಆಡಲೇಬೇಕು. ಅವರು ಮಹಾಭಾರತದ ಮಹಾಪ್ರಸ್ಥಾನವನ್ನು ಮುಂದೆ ತರುತ್ತಾರೆ. ನಾಯಕನ ಹೆಸರು ಧರ್ಮ, ಜೊತೆಗೊಂದು ನಾಯಿ, ಎದುರಿಗೆ ಹಿಮಾಲಯ, ಇನ್ನೇನು ಬೇಕು ಎನ್ನುತ್ತಾರೆ. ಹೋಲಿಕೆ ಇದೆ, ಚಿತ್ರವೇ ಅದನ್ನು ಬಯಸಿದೆ. ಹೋಲಿಕೆಯಿಂದ ಚಿತ್ರದ ತೂಕ ಹೆಚ್ಚುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವ್ಯಾಸರ ಧರ್ಮರಾಯನ ಹಿಂದೆ ಬಂದ ನಾಯಿ ಅವನಿಗೆ ಯಾವ ಉಪಕಾರವನ್ನೂ ಮಾಡಿಲ್ಲ. ಅವನ ಜೀವ ಉಳಿಸಿಲ್ಲ, ಒಂಟಿತನ ಕಳೆದಿಲ್ಲ. ಹಸ್ತಿನಾವತಿಯಿಂದ ಸುಮ್ಮನೆ ಹಿಂಬಾಲಿಸಿದೆ, ಅಷ್ಟೆ. ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು, ಅದು ಬಂತು. ಇಂದ್ರ ರಥ ತಂದು, ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದಾಗ ಧರ್ಮರಾಯ ಹತ್ತಲಿಲ್ಲ. ನಂಬಿ ಬಂದದ್ದನ್ನು ಕೈಬಿಡಲಾರೆ ಎಂದ. ಆ ನಾಯಿ ಯಮಧರ್ಮನೆಂದು ಗೊತ್ತಾದದ್ದು ಆಮೇಲೆ. ಅವನು ಸ್ವರ್ಗ ಬಿಡಲು ಸಿದ್ಧನಾದದ್ದು ಬರೀ ನಾಯಿಗಾಗಿ. ನಮ್ಮ ಚಿತ್ರದಲ್ಲಿ ಚಾರ್ಲಿ ಪ್ರಜ್ಞೆ ತಪ್ಪಿ ಬಿದ್ದವನನ್ನು ಉಳಿಸಬೇಕು, ಬರಡು ಬದುಕಿಗೆ ಬಣ್ಣ ತರಬೇಕು, ಆಗಷ್ಟೇ ಅವಳಿಗೆ ಪ್ರೀತಿ. ವ್ಯಾಸರು ಕೇಳದ ಯೋಗ್ಯತಾಪತ್ರವನ್ನು ಈ ಚಿತ್ರ ನಾಯಿಯಿಂದ ಕೇಳುತ್ತದೆ. ಯಾರನ್ನೂ ಉಳಿಸದ, ಸುಮ್ಮನೆ ಜಗಲಿಯ ಕೆಳಗೆ ಮಲಗಿ ಮುದಿಯಾಗುವ ನಾಯಿಗೆ ಈ ಪ್ರೀತಿಯಲ್ಲಿ ಪಾಲಿದೆಯೇ? ಮಿತ್ರರು ಈ ಪ್ರಶ್ನೆಗೆ ಉತ್ತರ ಕೊಡಲಿ.

ಚಿತ್ರದ ಸಾಮಾಜಿಕ ಕಳಕಳಿಗೆ ನನ್ನ ಗೌರವವಿದೆ. ಚಾರ್ಲಿಯನ್ನು ನವೆಸಿದ, ರಕ್ತಸಂಬಂಧದೊಳಗೇ ಮರಿ ಹಾಕಿಸುವ ದಂಧೆಯ ಕ್ರೌರ್ಯವನ್ನು ಇಷ್ಟು ಜನರ ಮುಂದಿಟ್ಟದ್ದು ಸಣ್ಣ ಕೆಲಸವಲ್ಲ. ಮರಿ ಹಾಕಿಸುವವರು ನೋಂದಣಿ ಮಾಡಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಎಂದು ಕೇಂದ್ರದ ನಿಯಮ 2017ರಿಂದಲೇ ಇದೆ. ಆದರೂ ದಂಧೆ ನಡೆಯುತ್ತಿರುವುದು ಕೊಳ್ಳುವವರು ಇರುವುದರಿಂದ. ತೆರೆಯ ಮೇಲೆ ಮಾರುವ ಕ್ರೂರಿ ಇದ್ದಾನೆ, ಮುದ್ದಾದ ಮರಿಗೆ ದುಡ್ಡು ಎಣಿಸುವ ಮಧ್ಯಮ ವರ್ಗದ ಮನೆ ಇಲ್ಲ. ಆ ಮನೆಯವರು ಪ್ರೇಕ್ಷಕರ ಸಾಲಿನಲ್ಲಿ ಕೂತು ಅಳುತ್ತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಚಾರ್ಲಿ ಸಾಯುವಾಗ ಒಂದು ಮರಿಯನ್ನೂ ಬಿಟ್ಟು ಹೋಗುತ್ತಾಳೆ. ಕೆಟ್ಟ ತಳಿಗಾರಿಕೆಯಿಂದ ನವೆದ ಮೈಯಿಂದಲೇ ನಮ್ಮ ಸಮಾಧಾನಕ್ಕೊಂದು ಮರಿ. ಹೋದದ್ದು ಹೋಯಿತು ಎಂದು ನಮ್ಮನ್ನು ಬರಿಗೈಯಲ್ಲಿ ಕೂರಿಸುವ ಧೈರ್ಯ ಚಿತ್ರಕ್ಕೆ ಬರಲಿಲ್ಲ.

ಚುಕ್ಕಿಯ ಕೊನೆಯ ಮಳೆಗಾಲ. ಕಣ್ಣು ಮಂಜಾಗಿತ್ತು, ಹಿಂಗಾಲು ಬಿದ್ದುಹೋಗಿತ್ತು. ನಾವು ನಡುಮನೆಯಲ್ಲಿ ಮೆತ್ತನೆ ಹಾಸಿಗೆ ಮಾಡಿಕೊಟ್ಟೆವು, ರಗ್ಗು ಹೊದಿಸಿದೆವು. ರಾತ್ರಿ ಎದ್ದು ನೋಡಿದರೆ ಅಲ್ಲಿರುತ್ತಿರಲಿಲ್ಲ. ಮುಂಗಾಲಿನಲ್ಲೇ ಮೈ ಎಳೆದುಕೊಂಡು ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆಯ ಬಾಯಲ್ಲಿ, ಬೂದಿಯ ಮೇಲೆ ಮಲಗಿರುತ್ತಿದ್ದಳು. ಮೂರು ಸಲ ಎತ್ತಿ ತಂದೆವು, ಮೂರು ಸಲವೂ ಹೋದಳು. ನಾಲ್ಕನೆಯ ರಾತ್ರಿ ಅಮ್ಮ ಕೆಂಡವನ್ನೆಲ್ಲ ಹಿಂದಕ್ಕೆ ಸರಿಸಿ, ಬೂದಿಯನ್ನು ಕೈಯಿಂದ ಮುಟ್ಟಿ ನೋಡಿ, ಹದವಾಗಿದೆ ಎಂದು ಅವಳನ್ನು ಅಲ್ಲೇ ಬಿಟ್ಟಳು.