ಕೋಚ್ ಬ್ರ್ಯಾಂಟ್ ಮತ್ತು ಒಂದು ಸೋಲಿನ ದಂತಕತೆ

2011ರ ಜನವರಿ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಒಬ್ಬಾತ ಫೋನ್ ಮಾಡಿದ. ಆಬರ್ನ್ ವಿಶ್ವವಿದ್ಯಾನಿಲಯದ ಬಳಿಯ ವೃತ್ತದಲ್ಲಿರುವ ಎರಡು ಓಕ್ ಮರಗಳಿಗೆ ತಾನು ವಿಷ ಹಾಕಿದ್ದೇನೆ ಎಂದ. ತಮಾಷೆಯ ಮಾತೆಂದು ಕೇಳಿದವರು ಅಂದುಕೊಂಡಿರಬಹುದು. ಪರೀಕ್ಷಿಸಿ ನೋಡಿದರೆ ಬೇರಿನ ಸುತ್ತಲ ಮಣ್ಣಿನಲ್ಲಿ ಕಳೆನಾಶಕ ಧಾರಾಳವಾಗಿತ್ತು. ಸುಮಾರು 130 ವರ್ಷ ಪ್ರಾಯದ ಆ ಮರಗಳನ್ನು ಉಳಿಸಲು ಎರಡು ವರ್ಷ ಹೆಣಗಿ, 2013ರಲ್ಲಿ ಕಡಿದು ಹಾಕಬೇಕಾಯಿತು. ವಿಷ ಹಾಕಿದವನಿಗೆ ಜೈಲಾಯಿತು.

ಆತ ಕೊಟ್ಟ ಕಾರಣ ಏನು ಗೊತ್ತೇ? 1983ರಲ್ಲಿ ಕೋಚ್ ಬ್ರ್ಯಾಂಟ್ ತೀರಿಕೊಂಡಾಗ ಆಬರ್ನ್‌ನವರು ಇದೇ ಮರಗಳ ಮೇಲೆ ಕಾಗದದ ಸುರುಳಿ ಎಸೆದು ಸಂಭ್ರಮಿಸಿದ್ದರಂತೆ. ಸಾಲದೆಂಬಂತೆ 2010ರ ಪಂದ್ಯದ ಸಮಯದಲ್ಲಿ ಬ್ರ್ಯಾಂಟ್ ಪ್ರತಿಮೆಗೆ ಆಬರ್ನ್ ಆಟಗಾರನ ಅಂಗಿ ತೊಡಿಸಿದ್ದರಂತೆ. ಅಂಗಿಯ ವಿಷಯ ನಿಜ. ಸಾವಿನ ಸಂಭ್ರಮದ ಮಾತನ್ನು ಆಬರ್ನ್ ಅಭಿಮಾನಿಗಳು ಒಪ್ಪುವುದಿಲ್ಲ. ಏನೇ ಇರಲಿ, ಸತ್ತು 28 ವರ್ಷವಾದ ಒಬ್ಬ ತರಬೇತುದಾರನ ಹೆಸರಿನಲ್ಲಿ ಮರಗಳನ್ನು ಕೊಲ್ಲುವಷ್ಟು ಸಿಟ್ಟು ಒಬ್ಬನಲ್ಲಿ ಉಳಿದಿತ್ತು. ಬ್ರ್ಯಾಂಟ್ ಬಗ್ಗೆ ಬರೆಯಹೊರಟರೆ ಈ ಸಿಟ್ಟಿನಿಂದಲೇ ಆರಂಭಿಸಬೇಕಾಗುತ್ತದೆ.

ಇಲ್ಲಿ ಫುಟ್ಬಾಲ್ ಎಂದರೆ ನಮ್ಮ ಕರಾವಳಿಯ ಹುಡುಗರು ಕಾಲಿನಲ್ಲಿ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವಿ ಬೀಳಿಸುವ ಅಮೆರಿಕದ ಆಟ. ಅಲಬಾಮಾದಲ್ಲಿ ಅಗ್ರ ವೃತ್ತಿಪರ ಲೀಗಿನ ತಂಡವಿಲ್ಲ. ಹಾಗಾಗಿ ರಾಜ್ಯದ ಅಭಿಮಾನವೆಲ್ಲ ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾನಿಲಯ ಮತ್ತು ಆಬರ್ನ್ ಎಂಬ ಎರಡು ಕಾಲೇಜು ತಂಡಗಳ ನಡುವೆ ಹಂಚಿಹೋಗಿದೆ. ಜಗಳ ಎಷ್ಟು ಹಳೆಯದೆಂದರೆ 1907ರಲ್ಲಿ ಮುನಿಸಿಕೊಂಡ ಈ ತಂಡಗಳು ಮತ್ತೆ ಎದುರಾದದ್ದು 1948ರಲ್ಲಿ.

ಪಾಲ್ ಬ್ರ್ಯಾಂಟ್ ಹುಟ್ಟಿದ್ದು 1913ರಲ್ಲಿ, ಆರ್ಕನ್ಸಾದ ಬಡ ರೈತ ಕುಟುಂಬವೊಂದರಲ್ಲಿ, ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರಾಗಿ. ಹುಡುಗನಾಗಿದ್ದಾಗ ಊರಿಗೆ ಬಂದ ಪ್ರದರ್ಶನದ ಕರಡಿಯೊಂದಿಗೆ ಕುಸ್ತಿಗಿಳಿದದ್ದರಿಂದ 'ಬೇರ್' ಎಂಬ ಅಡ್ಡಹೆಸರು ಬಂತು. 1958ರಿಂದ 1982ರ ತನಕ ಅಲಬಾಮಾ ತಂಡದ ಕೋಚ್ ಆಗಿದ್ದರು. ಒಟ್ಟು 323 ಗೆಲುವು, ಆರು ರಾಷ್ಟ್ರೀಯ ಪ್ರಶಸ್ತಿ. ಆಬರ್ನ್ ವಿರುದ್ಧ 25 ಪಂದ್ಯಗಳಲ್ಲಿ 19 ಜಯ. 1982ರ ಡಿಸೆಂಬರ್ 29ರಂದು ಕೊನೆಯ ಪಂದ್ಯ ಗೆದ್ದು ನಿವೃತ್ತರಾದ ಅವರು ನಾಲ್ಕು ವಾರಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಅಭಿಮಾನಿಗಳ ವಾದ ಸಾಮಾನ್ಯವಾಗಿ ಈ ಅಂಕಿಗಳ ಸುತ್ತಲೇ ತಿರುಗುತ್ತದೆ. ಆರು ಪ್ರಶಸ್ತಿ ಎಂದು ಇವರೆಂದರೆ ಆಬರ್ನ್‌ನವರು ತಕ್ಷಣ ಲೆಕ್ಕಪುಸ್ತಕ ತೆರೆಯುತ್ತಾರೆ: 1964ರ ಪ್ರಶಸ್ತಿ ಘೋಷಣೆಯಾದ ಬಳಿಕ ಆರೆಂಜ್ ಬೌಲ್‌ನಲ್ಲಿ ಟೆಕ್ಸಸ್ ಎದುರು ಸೋತಿರಲ್ಲ? 1973ರಲ್ಲೂ ನಾಟರ್ ಡೇಮ್ ಎದುರು ಹಾಗೆಯೇ ಆಯಿತಲ್ಲ? 1978ರಲ್ಲಿ ಪ್ರಶಸ್ತಿ ಹಂಚಿಕೊಂಡ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅದೇ ವರ್ಷ ನಿಮ್ಮನ್ನು ನಿಮ್ಮ ನೆಲದಲ್ಲೇ ಸೋಲಿಸಿತ್ತಲ್ಲ? ಮಾತು ಸರಿಯೇ. ಆದರೆ ಆ ಕಾಲದಲ್ಲಿ ಪ್ರಶಸ್ತಿಯನ್ನು ಪತ್ರಕರ್ತರೂ ಕೋಚ್‌ಗಳೂ ಮತ ಹಾಕಿ ನಿರ್ಧರಿಸುತ್ತಿದ್ದರು. ಮತದಾನದ ತಪ್ಪಿಗೆ ಕೋಚ್ ಹೊಣೆಯಲ್ಲ. 2024ರ ಜನವರಿಯಲ್ಲಿ ಏಳು ಪ್ರಶಸ್ತಿಗಳೊಂದಿಗೆ ನಿಕ್ ಸೇಬನ್ ನಿವೃತ್ತರಾದ ಮೇಲಂತೂ ಅಲಬಾಮಾದವರೇ ತಮ್ಮೊಳಗೆ ದೊಡ್ಡವರು ಯಾರೆಂದು ಕಿತ್ತಾಡುತ್ತಿದ್ದಾರೆ. ಆ ಚರ್ಚೆ ಅವರಿಗಿರಲಿ.

ನನಗೆ ಮುಖ್ಯವೆನಿಸುವುದು ಒಂದು ಸೋಲಿನ ಕತೆ. 1970ರ ಸೆಪ್ಟೆಂಬರ್ 12ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬ್ರ್ಯಾಂಟ್ ಅವರ ತಂಡವನ್ನು 42-21ರಿಂದ ಸದೆಬಡಿಯಿತು. ಅತಿಥಿಗಳ ಪರ ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕಪ್ಪು ಯುವಕ 135 ಗಜ ಓಡಿ ಎರಡು ಟಚ್‌ಡೌನ್ ಗಳಿಸಿದ. ಅಲಬಾಮಾ ಪರ ಅಂದು ಆಡಿದವರೆಲ್ಲ ಬಿಳಿಯರು. ಇಷ್ಟು ಇತಿಹಾಸ. ಇದರ ಮೇಲೆ ದಂತಕತೆ ಹೀಗೆ ಬೆಳೆಯಿತು: ಪಂದ್ಯ ಮುಗಿದ ಮೇಲೆ ಬ್ರ್ಯಾಂಟ್ ಕನಿಂಗ್‌ಹ್ಯಾಮ್‌ನನ್ನು ತಮ್ಮ ಹುಡುಗರ ಕೋಣೆಗೆ ಕರೆದೊಯ್ದು, ಆಟಗಾರ ಎಂದರೆ ಇವನು ಎಂದು ತೋರಿಸಿದರಂತೆ. ಸೋಲನ್ನು ಕಂಡ ಬಿಳಿಯ ಅಭಿಮಾನಿಗಳ ಮನಸ್ಸು ಒಂದೇ ರಾತ್ರಿಯಲ್ಲಿ ಬದಲಾಯಿತಂತೆ. ಇನ್ನೂ ಮುಂದೆ ಹೋದವರು, ಸೋಲುತ್ತೇವೆಂದು ಗೊತ್ತಿದ್ದೇ ಬ್ರ್ಯಾಂಟ್ ಈ ಪಂದ್ಯ ಏರ್ಪಡಿಸಿದರು ಎನ್ನುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ 20 ವರ್ಷಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನದನ್ನು ಕನಿಂಗ್‌ಹ್ಯಾಮ್ 60 ನಿಮಿಷಗಳಲ್ಲಿ ಮಾಡಿದ ಎಂಬರ್ಥದ ಮಾತೊಂದು ಅಲ್ಲಿ ಗಾದೆಯಂತೆ ಓಡಾಡುತ್ತಿದೆ. ಡಾನ್ ಯೇಗರ್ 2006ರಲ್ಲಿ ಪ್ರಕಟಿಸಿದ ಪುಸ್ತಕದ ಉಪಶೀರ್ಷಿಕೆಯೇ ಒಂದು ಪಂದ್ಯ ದಕ್ಷಿಣವನ್ನು ಬದಲಿಸಿದ್ದು ಹೇಗೆ ಎಂದಿದೆ.

ಎಷ್ಟು ಚೆಂದದ ಕತೆ! ಯಾರಿಗೂ ನೋವಿಲ್ಲ, ಯಾರ ಮೇಲೂ ಆರೋಪವಿಲ್ಲ. ಆದರೆ ಅಂದು ಆ ಕೋಣೆಯಲ್ಲಿದ್ದವರ ಹೇಳಿಕೆಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿದೆ. ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಹುಡುಗ ಆ ಪಂದ್ಯಕ್ಕೆ ಮೊದಲೇ ಅಲಬಾಮಾ ತಂಡದ ವಿದ್ಯಾರ್ಥಿವೇತನಕ್ಕೆ ಸಹಿ ಹಾಕಿದ್ದರು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಬಾರದೆಂಬ ನಿಯಮ ಆಗಿತ್ತಾದ್ದರಿಂದ ಅವರು ಕಣಕ್ಕಿಳಿಯಲಿಲ್ಲ, ಅಷ್ಟೆ. ಅಂದರೆ ಬಾಗಿಲು ಆಗಲೇ ತೆರೆದಿತ್ತು. ಹಾಗಾದರೆ ತೆರೆದವರು ಯಾರು?

1967ರಲ್ಲಿ ಐವರು ಕಪ್ಪು ವಿದ್ಯಾರ್ಥಿಗಳು ಯಾರೂ ಕರೆಯದೆ ತಾವಾಗಿಯೇ ಬ್ರ್ಯಾಂಟ್ ಅವರ ತರಬೇತಿ ಮೈದಾನಕ್ಕೆ ಬಂದರು. ಬ್ರ್ಯಾಂಟ್ ಅವರನ್ನು ಹಿಂದೆ ಕಳಿಸಲಿಲ್ಲ, ಆದರೆ ಅವರಲ್ಲಿ ಯಾರೂ ಮುಖ್ಯ ಪಂದ್ಯಗಳ ತನಕ ತಲುಪಲಿಲ್ಲ. 1969ರ ಜುಲೈಯಲ್ಲಿ ವಿಶ್ವವಿದ್ಯಾನಿಲಯದ ಕಪ್ಪು ವಿದ್ಯಾರ್ಥಿಗಳ ಸಂಘಟನೆ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕಪ್ಪು ಆಟಗಾರರನ್ನು ಆರಿಸುವುದರಲ್ಲಿ ತಾರತಮ್ಯವಿದೆ ಎಂಬುದು ದೂರು. ವಾದಿಸಿದವರು ಯು.ಡಬ್ಲ್ಯೂ. ಕ್ಲೆಮನ್ ಎಂಬ ತರುಣ ವಕೀಲರು. ಇದೇ ಕ್ಲೆಮನ್ 1980ರಲ್ಲಿ ಅಲಬಾಮಾದ ಮೊದಲ ಕಪ್ಪು ಫೆಡರಲ್ ನ್ಯಾಯಾಧೀಶರಾದರು. ಜ್ಯಾಕ್ಸನ್ ಸಹಿ ಹಾಕಿದ್ದು ಈ ಮೊಕದ್ದಮೆಯ ನಂತರ. ಮೊಕದ್ದಮೆ ಒಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ದಂತಕತೆಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಇಲ್ಲದಿರುವುದನ್ನು ಗಮನಿಸದೆ ಇರಲು ಹೇಗೆ ಸಾಧ್ಯ?

ಕಿಂಗ್ ಅವರೊಂದಿಗಿನ ಆ ಹೋಲಿಕೆಯಂತೂ ಕ್ರೂರವಾದದ್ದು. 1955ರ ಮಾಂಟ್‌ಗೊಮೆರಿ ಬಸ್ ಬಹಿಷ್ಕಾರ, 1963ರ ಬರ್ಮಿಂಗ್‌ಹ್ಯಾಮ್ ಚಳವಳಿ, 1965ರ ಸೆಲ್ಮಾ ನಡಿಗೆ ಎಲ್ಲವೂ ನಡೆದದ್ದು ಇದೇ ಅಲಬಾಮಾದಲ್ಲಿ. ಪಂದ್ಯ ನಡೆದ ಬರ್ಮಿಂಗ್‌ಹ್ಯಾಮ್‌ನಲ್ಲೇ 1963ರ ಸೆಪ್ಟೆಂಬರ್‌ನಲ್ಲಿ ಚರ್ಚೊಂದಕ್ಕೆ ಬಾಂಬಿಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದಿದ್ದರು. ಪೊಲೀಸ್ ನಾಯಿ, ನೀರಿನ ಕೊಳವೆ, ಜೈಲುಗಳನ್ನು ಎದುರಿಸಿ ಜನ ಗಳಿಸಿದ್ದನ್ನು ಒಬ್ಬ ಕೋಚ್‌ನ ಜಾಣತನಕ್ಕೂ ಒಬ್ಬ ಆಟಗಾರನ ತೊಡೆಯ ಬಲಕ್ಕೂ ಬರೆದುಕೊಟ್ಟರೆ ಹೊಡೆಸಿಕೊಂಡವರೂ ಹೊಡೆದವರೂ ಒಟ್ಟಿಗೆ ಕತೆಯಿಂದ ಹೊರಗೆ ಹೋಗುತ್ತಾರೆ. ಹೊಡೆದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

'ಫಾರೆಸ್ಟ್ ಗಂಪ್' ಚಿತ್ರವನ್ನು ನಮ್ಮಲ್ಲೂ ಬಹಳ ಜನ ನೋಡಿದ್ದಾರೆ. ಅದರಲ್ಲಿ ಗಂಪ್ ಆಡುವುದು ಬ್ರ್ಯಾಂಟ್ ಅವರ ತಂಡಕ್ಕೆ. 1963ರ ಜೂನ್‌ನಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ನಿಂತ ಘಟನೆಯೂ ಅದರಲ್ಲಿದೆ. ಆದರೆ ವಿವಿಯನ್ ಮಲೋನ್ ಎಂಬ ಆ ಧೀರ ವಿದ್ಯಾರ್ಥಿನಿ ತೆರೆಯ ಮೇಲೆ ಬರುವುದು ಗಂಪ್ ಎತ್ತಿಕೊಡುವ ಪುಸ್ತಕದ ಒಡತಿಯಾಗಿ ಮಾತ್ರ. ಒಳ್ಳೆಯ ಬಿಳಿಯ ಹುಡುಗನ ಒಳ್ಳೆಯತನ ನಮಗೆ ಕಾಣುತ್ತದೆ. ಆಕೆ ಯಾರು, ಮುಂದೇನಾದಳು ಎಂದು ಚಿತ್ರ ಕೇಳುವುದಿಲ್ಲ.

ಬ್ರ್ಯಾಂಟ್ ಜನಾಂಗದ್ವೇಷಿಯಾಗಿದ್ದರೇ? ಹಾಗೆಂದು ಸುಲಭವಾಗಿ ಹೇಳಿಬಿಡುವವರ ಜೊತೆಗೂ ನಾನಿಲ್ಲ. 1959ರಲ್ಲಿ ಸ್ಥಳೀಯರ ವಿರೋಧವಿದ್ದರೂ ಕಪ್ಪು ಆಟಗಾರನಿದ್ದ ಪೆನ್ ಸ್ಟೇಟ್ ತಂಡದ ಎದುರು ತಮ್ಮ ತಂಡವನ್ನು ಇಳಿಸಿದ್ದರು. ಕೆಂಟಕಿಯಲ್ಲಿದ್ದಾಗಲೇ ಕಪ್ಪು ಹುಡುಗರನ್ನು ಸೇರಿಸಬೇಕೆಂದಿದ್ದೆ ಎಂದು ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಜ್ಯಾಕ್ಸನ್‌ಗಿಂತ ಮೊದಲು, 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಣಕ್ಕಿಳಿದ ಜಾನ್ ಮಿಚೆಲ್ ಮರುವರ್ಷ ತಂಡದ ಸಹನಾಯಕರಾದರು. 1973ರಲ್ಲಿ ಬ್ರ್ಯಾಂಟ್ ಅವರನ್ನೇ ಸಹಾಯಕ ಕೋಚ್ ಆಗಿ ನೇಮಿಸಿಕೊಂಡರು. ಇದೆಲ್ಲ ಸತ್ಯ. ಆದರೆ 1960ರ ದಶಕದಲ್ಲಿ ಆ ರಾಜ್ಯದಲ್ಲಿ ವಾಲೇಸ್ ಅವರಷ್ಟೇ ಜನಪ್ರಿಯ ವ್ಯಕ್ತಿಯೊಬ್ಬರಿದ್ದರೆ ಅದು ಬ್ರ್ಯಾಂಟ್. ಅವರ ಒಂದು ಮಾತಿಗೆ ಬೆಲೆಯಿತ್ತು. ಆ ಮಾತು ಬೇಕಾಗಿದ್ದ ವರ್ಷಗಳಲ್ಲಿ ಅವರು ಗೆಲುವುಗಳನ್ನು ಎಣಿಸುತ್ತ ಕಾದರು. ಅವರನ್ನು ನಾನು ದೂರುವುದು ಈ ಕಾಯುವಿಕೆಗಾಗಿ. ಕಾಯುವಿಕೆ 1970ಕ್ಕೆ ಮುಗಿಯಲೂ ಇಲ್ಲ. ಅಲಬಾಮಾ ರಾಜ್ಯದ್ದೇ ಹುಡುಗ ಕಾಂಡ್ರೆಜ್ ಹಾಲೋವೇ ಕ್ವಾರ್ಟರ್‌ಬ್ಯಾಕ್ ಆಗಬೇಕೆಂದಾಗ, ಕಪ್ಪು ಕ್ವಾರ್ಟರ್‌ಬ್ಯಾಕ್‌ಗೆ ಅಲಬಾಮಾ ಇನ್ನೂ ಸಿದ್ಧವಿಲ್ಲ ಎಂದು ಬ್ರ್ಯಾಂಟ್ ನೇರವಾಗಿಯೇ ಹೇಳಿದರು. ಈ ಸ್ಥಾನದವನೇ ಕಣದಲ್ಲಿ ತಂಡವನ್ನು ನಡೆಸುವವನು. ಹಾಲೋವೇ ಟೆನೆಸೀಗೆ ಹೋಗಿ 1972ರಲ್ಲಿ ಅಲ್ಲಿ ಆ ಸ್ಥಾನದಲ್ಲೇ ಆಡಿದರು.

ಈಗ ಆಬರ್ನ್ ಕಡೆಗೆ ಬರೋಣ. ವಾದ ಬಿಸಿಯಾದಾಗ ಅವರು ಎಸೆಯುವ ಹೆಸರು ಜೇಮ್ಸ್ ಓವೆನ್ಸ್. ಆಬರ್ನ್ ಫುಟ್ಬಾಲ್ ತಂಡದ ಈ ಮೊದಲ ಕಪ್ಪು ಆಟಗಾರ 1970ರಲ್ಲೇ ಮುಖ್ಯ ತಂಡದಲ್ಲಿದ್ದರು, ಅಂದರೆ ಅಲಬಾಮಾಕ್ಕಿಂತ ಒಂದು ವರ್ಷ ಮೊದಲು. ಒಂದು ವರ್ಷದ ಈ ಮುನ್ನಡೆಯನ್ನು ಹೆಮ್ಮೆಯಿಂದ ಹೇಳುವವರು, ಇದೇ ಲೀಗಿನ ಕೆಂಟಕಿ 1967ರಲ್ಲೇ ನೇಟ್ ನಾರ್ದಿಂಗ್ಟನ್ ಅವರನ್ನು ಕಣಕ್ಕಿಳಿಸಿತ್ತೆಂಬುದನ್ನು ಮರೆಯುತ್ತಾರೆ. ಓವೆನ್ಸ್ ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಬಿಳಿಯ ಓಟಗಾರರಿಗೆ ದಾರಿ ಬಿಡಿಸಿಕೊಡುವ ಕೆಲಸ. ಅವರ ಹೆಸರಿನಲ್ಲಿ ವಿಶ್ವವಿದ್ಯಾನಿಲಯ ಧೈರ್ಯಕ್ಕೊಂದು ಪ್ರಶಸ್ತಿ ಸ್ಥಾಪಿಸಿದ್ದು 2012ರಲ್ಲಿ. ಬ್ರ್ಯಾಂಟ್ ಹೆಸರಿಗೆ ಕಲ್ಲು ಹೊಡೆಯಲು ಓವೆನ್ಸ್ ಬೇಕು, ಅವರು ಪಟ್ಟ ಪಾಡು ಬೇಡ. ಈ ವಿಷಯದಲ್ಲಿ ಬದ್ಧವೈರಿಗಳಿಬ್ಬರೂ ಒಂದೇ ತಂಡದವರು.

ಟಸ್ಕಲೂಸಾದಲ್ಲಿ ಲಕ್ಷ ಜನ ಕೂರುವ ಕ್ರೀಡಾಂಗಣಕ್ಕೆ ಬ್ರ್ಯಾಂಟ್ ಹೆಸರಿದೆ. ಹೊರಗೆ ಅವರ ಪ್ರತಿಮೆಯಿದೆ. ಅದೇ ಆವರಣದಲ್ಲಿ, ವಾಲೇಸ್ ಅಡ್ಡ ನಿಂತಿದ್ದ ಕಟ್ಟಡದ ಮುಂದೆ, ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಅವರ ಹೆಸರಿನಲ್ಲೊಂದು ಅಂಗಳವನ್ನೂ, 1956ರಲ್ಲಿ ಕಲ್ಲೇಟು ತಿಂದು ಹೊರಬಿದ್ದ ಆಥರಿನ್ ಲೂಸಿ ಅವರ ಹೆಸರಿನಲ್ಲೊಂದು ಗಡಿಯಾರ ಗೋಪುರವನ್ನೂ ಕಟ್ಟಿದ್ದಾರೆ. ಅವು ಉದ್ಘಾಟನೆಯಾದದ್ದು 2010ರ ನವೆಂಬರ್‌ನಲ್ಲಿ. ಬ್ರ್ಯಾಂಟ್ ಪ್ರತಿಮೆಗೆ ಆಬರ್ನ್ ಅಂಗಿ ತೊಡಿಸಿದ್ದೂ ಅದೇ ತಿಂಗಳು.