ಕಾರಿಗೆ ಮೊದಲು ಮಾಡು, ಬಾಗಿಲು ಕೊನೆಗೆ

ಮನೆ ಕಟ್ಟಿಸುವವರು ದೇವರ ಕೋಣೆಯ ದಿಕ್ಕು, ಅಡುಗೆ ಕಟ್ಟೆಯ ಎತ್ತರ, ಮೆಟ್ಟಿಲಿನ ತಿರುವು ಎಲ್ಲವನ್ನೂ ವಾರಗಟ್ಟಲೆ ಚರ್ಚಿಸುತ್ತಾರೆ. ಕಾರಿನ ಜಾಗದ ಮಾತು ಬರುವುದು ಕಾಂಪೌಂಡ್ ಎದ್ದು, ಗೇಟಿನ ಅಳತೆ ಕೊಡುವ ಹೊತ್ತಿಗೆ. ಬಹಳ ಕುಟುಂಬಗಳಲ್ಲಿ ಮನೆಯ ನಂತರದ ದೊಡ್ಡ ಖರ್ಚು ಕಾರಿನದೇ. ಅದು ದಿನದ ಹೆಚ್ಚು ಹೊತ್ತು ಕಳೆಯುವುದು ರಸ್ತೆಯಲ್ಲಲ್ಲ, ನಿಂತಲ್ಲಿ. ಹಾಗಾಗಿ ಅದು ಎಲ್ಲಿ, ಹೇಗೆ ನಿಲ್ಲುತ್ತದೆ ಎನ್ನುವುದು ಅದರ ಆಯುಷ್ಯದ ಪ್ರಶ್ನೆ. ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವುದೂ ಇದನ್ನೇ: ಕಂಬ ನಿಲ್ಲಿಸಿ ಶೀಟ್ ಹೊದಿಸಿದ ತೆರೆದ ಚಪ್ಪರ ಸಾಕೇ, ಹಿತ್ತಿಲ ಮೂಲೆಯಲ್ಲಿ ನಾಲ್ಕು ಗೋಡೆಯ, ಬಾಗಿಲಿರುವ ಬೇರೆ ಶೆಡ್ಡೇ ಬೇಕೇ?

ಹಳೆಯ ಕಾರುಗಳ ಮೇಲೆ ಪ್ರೀತಿ ಇಟ್ಟವರೆಲ್ಲ ಶೆಡ್ಡಿನ ಪರ ಎಂಬ ನಂಬಿಕೆಯಿದೆ. ನನ್ನ ನಿಲುವು ಬೇರೆ. ದಿನವೂ ಓಡುವ ಕಾರಿಗೆ ನಮ್ಮ ಹವೆಯಲ್ಲಿ ತೆರೆದ ಚಪ್ಪರವೇ ಮೇಲು. ವಾರಗಟ್ಟಲೆ ನಿಲ್ಲುವ ಕಾರಿಗೆ ಮಾತ್ರ ಶೆಡ್ ಬೇಕು, ಆ ಶೆಡ್ಡೂ ಉಸಿರಾಡುವಂತಿರಬೇಕು.

ಕಾರಣ ತಿಳಿಯಬೇಕಾದರೆ ಯಾವುದಾದರೂ ಊರಿನ ಟಿಂಕರಿಂಗ್ ಶೆಡ್ಡಿಗೆ ಹೋಗಿ ನೋಡಿ. ತುಕ್ಕು ಹಿಡಿದು ಬಂದ ಕಾರಿನ ಬಾನೆಟ್ಟೂ ಟಾಪೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಮ್ಯಾಟಿನ ಅಡಿಯ ತಗಡು, ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ತೂತು ಬಿದ್ದಿರುವುದು ಇಲ್ಲೆಲ್ಲ. ಮಳೆ ನೇರವಾಗಿ ಬಡಿಯುವ ಜಾಗಗಳು ಉಳಿದಿವೆ, ಮರೆಯಲ್ಲಿರುವ ಜಾಗಗಳು ಹೋಗಿವೆ. ಬಾನೆಟ್ಟಿನ ಮೇಲೆ ಬಿದ್ದ ನೀರು ಹರಿದು ಹೋಗುತ್ತದೆ, ಉಳಿದದ್ದು ಗಾಳಿಗೆ ಆರುತ್ತದೆ. ಮಡಿಕೆಯಲ್ಲಿ ಕೆಸರಿನ ಜೊತೆ ಸೇರಿದ ನೀರು ದಿನಗಟ್ಟಲೆ ಅಲ್ಲೇ ಕೂರುತ್ತದೆ. ಕಾರನ್ನು ತಿನ್ನುವುದು ಆರದೆ ಉಳಿದ ಆ ನೀರು.

ಗಾಳಿಯ ತೇವಾಂಶ ಸುಮಾರು ಶೇ 60 ದಾಟಿತೆಂದರೆ ಬರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು ತುಕ್ಕು ಚುರುಕಾಗುತ್ತದೆ. ಉಪ್ಪಿನಂಶ ಸೇರಿದರೆ ಅದಕ್ಕಿಂತ ಕಡಿಮೆ ತೇವವೂ ಸಾಕು. ಈಗ ಮಳೆಯಲ್ಲಿ ತೊಯ್ದು ಬಂದ ಕಾರನ್ನು, ಬಿಸಿ ಎಂಜಿನ್ ಸಮೇತ, ಕಿಟಕಿಯಿಲ್ಲದ ಶೆಡ್ಡಿಗೆ ನುಗ್ಗಿಸಿ ಶಟರ್ ಎಳೆದಿರಿ ಎಂದುಕೊಳ್ಳಿ. ಕಾರಿನಿಂದ ಎದ್ದ ಆವಿಗೆ ಹೊರಹೋಗುವ ದಾರಿಯಿಲ್ಲ. ಒಳಗೆ ಬೆಚ್ಚಗೂ ಇದೆ, ಒದ್ದೆಯೂ ಇದೆ. ತುಕ್ಕಿಗೆ ಇದಕ್ಕಿಂತ ಅನುಕೂಲವಾದ ರಾತ್ರಿ ಇನ್ನೊಂದಿಲ್ಲ. ಸ್ಟಿಯರಿಂಗ್ ಮೇಲೆ, ಸೀಟಿನ ಮೇಲೆ ಬೂಷ್ಟು ಕಾಣಿಸಿಕೊಳ್ಳುವುದೂ ಇಂಥ ಶೆಡ್ಡುಗಳಲ್ಲೇ.

ಚಪ್ಪರಕ್ಕೆ ಗೌರವದ ಇತಿಹಾಸವಿದೆ. ಮೊದಲ ಕಾಲದ ಮೋಟಾರುಗಳಲ್ಲಿ ಮರದ ಚೌಕಟ್ಟು, ಚರ್ಮದ ಸೀಟು, ಬಟ್ಟೆಯ ಹುಡ್ ಇರುತ್ತಿದ್ದವು. ಕುದುರೆಗಾಡಿ ನಿಲ್ಲುತ್ತಿದ್ದ ಮುಚ್ಚಿದ ಲಾಯವೇ ಅವಕ್ಕೂ ಆಶ್ರಯವಾಯಿತು. 1930ರ ದಶಕದ ಹೊತ್ತಿಗೆ ಕಾರಿನ ಮೈ ಪೂರ್ತಿ ಉಕ್ಕಿನದಾಗಿ, ಮೇಲೆ ಗಟ್ಟಿ ಬಣ್ಣ ಬಂದಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇದನ್ನು ಗಮನಿಸಿದರು. 1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಪೂರ್ಣಗೊಂಡ ಜೇಕಬ್ಸ್ ಮನೆಯಲ್ಲಿ ಅವರು ಗ್ಯಾರೇಜನ್ನೇ ಕೈಬಿಟ್ಟು, ಮನೆಯ ಮಾಡನ್ನೇ ಮುಂದಕ್ಕೆ ಚಾಚಿ ಕಾರಿಗೆ ನೆರಳು ಮಾಡಿಕೊಟ್ಟರು. ಚಳಿಗಾಲದಲ್ಲಿ ಹಿಮ ಬೀಳುವ ಊರು ಅದು. ಅವರ ಕಚೇರಿಯಲ್ಲಿ ಹಿಂದೆ ಕೆಲಸ ಮಾಡಿದ್ದ ವಾಲ್ಟರ್ ಬರ್ಲಿ ಗ್ರಿಫಿನ್ 1910ರ ಸುಮಾರಿಗೇ ಇಲಿನಾಯ್‌ನ ಎಲ್ಮ್‌ಹರ್ಸ್ಟ್‌ನಲ್ಲಿ ಇಂಥದೊಂದು ತೆರೆದ ಆಸರೆಯನ್ನು ಮನೆಗೆ ಸೇರಿಸಿದ್ದರು. ಮುಂದೆ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ನಕ್ಷೆ ಬರೆದ ಈ ಗ್ರಿಫಿನ್ ಕೊನೆಯ ದಿನಗಳಲ್ಲಿ ಭಾರತಕ್ಕೆ ಬಂದರು, 1937ರಲ್ಲಿ ಲಖನೌನಲ್ಲಿ ತೀರಿಕೊಂಡರು. ಹಿಮದ ನಾಡಿನಲ್ಲೇ ಗೋಡೆ ಬೇಡವೆನಿಸಿದ ಮೇಲೆ, ತೇವ ಆರಿಸುವುದೇ ದೊಡ್ಡ ಕೆಲಸವಾಗಿರುವ ನಮ್ಮ ನಾಡಿನಲ್ಲಿ ಆ ತೀರ್ಮಾನಕ್ಕೆ ಇನ್ನೂ ಹೆಚ್ಚಿನ ಬಲವಿದೆ.

ಆದರೆ ನಮ್ಮದು ಒಂದೇ ಹವೆಯ ರಾಜ್ಯವಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಮಂಗಳೂರು, 7,000 ಮಿ.ಮೀ. ಮೀರುವ ಆಗುಂಬೆ ಒಂದು ಕಡೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಇನ್ನೊಂದು ಕಡೆ. ಹಾಗಾಗಿ ಚಪ್ಪರವೂ ಊರಿಗೆ ತಕ್ಕಂತೆ ಬದಲಾಗಬೇಕು.

ಕರಾವಳಿ, ಮಲೆನಾಡುಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇರಚಲು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಮಳೆಯನ್ನು ಓರೆಯಾಗಿ ತಂದು ಹೊಡೆಯುತ್ತದೆ. ಮಳೆ 45 ಡಿಗ್ರಿ ಓರೆಯಾದರೆ, ಮಾಡು ಎಷ್ಟು ಎತ್ತರದಲ್ಲಿದೆಯೋ ಅಷ್ಟು ದೂರ ನೀರು ಒಳಗೆ ಬರುತ್ತದೆ. ಹತ್ತಡಿ ಎತ್ತರದ, ಹತ್ತಡಿ ಅಗಲದ ಚಪ್ಪರವೆಂದರೆ ಆ ಮಳೆಗೆ ಮಾಡೇ ಇಲ್ಲದಂತೆ. ಇದಕ್ಕೆ ಪರಿಹಾರ ಮಲೆನಾಡಿನವರಿಗೆ ಮೊದಲಿನಿಂದಲೂ ಗೊತ್ತು. ಮಳೆಗಾಲಕ್ಕೆ ಮುಂಚೆ ಜಗಲಿಯ ಅಂಚಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರಲ್ಲ, ಅದೇ ಪರಿಹಾರ. ತಟ್ಟಿ ನೀರನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಕಾರಿನ ಚಪ್ಪರಕ್ಕೂ ಪಶ್ಚಿಮದಲ್ಲಿ ಒಂದು ಮರೆ ಸಾಕು. ಅದು ತಟ್ಟಿಯಾಗಲಿ, ಮುರಕಲ್ಲಿನ ಗೋಡೆಯಾಗಲಿ, ಮನೆಯದೇ ಗೋಡೆಯಾಗಲಿ. ಉಳಿದ ಮೂರು ಬದಿ ತೆರೆದಿರಲಿ.

ಈ ಭಾಗದಲ್ಲಿ ಮಾಡಿಗೆ ನಾನು ಮೆಚ್ಚುವುದು ಮಂಗಳೂರು ಹೆಂಚನ್ನೇ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದಾಗಿನಿಂದ ಈ ಹೆಂಚು ನಮ್ಮ ಮಳೆಯ ಜೊತೆ ಪಳಗಿದೆ. ಹೆಂಚುಗಳ ಸಂದಿಯಲ್ಲಿ ಬಿಸಿ ಗಾಳಿ ಹೊರಹೋಗುತ್ತದೆ, ಒಂದು ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಪಕ್ಕಾಸು, ರೀಪುಗಳನ್ನು ಮರದ ಬದಲು ಜಿಐ ಪೈಪಿನಲ್ಲಿ ಮಾಡಿಸಿದರೆ ಗೆದ್ದಲಿನ ಚಿಂತೆಯಿಲ್ಲ. ಜಾಗ ಆರಿಸುವಾಗ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ. ತೆಂಗಿನ ಮರದಡಿ ಯಾವ ಮಾಡೂ ಕ್ಷೇಮವಲ್ಲ. ಹಲಸು, ಮಾವಿನಿಂದ ಇಳಿಯುವ ಅಂಟೂ ಬಣ್ಣಕ್ಕೆ ಒಳ್ಳೆಯದಲ್ಲ.

ಬೆಂಗಳೂರಿನಲ್ಲಿ ಪ್ರಶ್ನೆಯನ್ನು ನಿವೇಶನವೇ ಬಗೆಹರಿಸಿಬಿಡುತ್ತದೆ. 30-40ರ ಸೈಟೆಂದರೆ 1,200 ಚದರಡಿ. ಸರಿಯಾದ ಶೆಡ್ಡಿಗೆ 12 ಅಡಿ ಅಗಲ, 20 ಅಡಿ ಉದ್ದ ಬೇಕು. ಅದೇ 240 ಚದರಡಿ, ಸೈಟಿನ ಐದನೇ ಒಂದು ಪಾಲು. ಸುತ್ತ ಬಿಡಲೇಬೇಕಾದ ಸೆಟ್‌ಬ್ಯಾಕ್ ಕಳೆದರೆ ಮನೆಗೆ ಉಳಿಯುವುದು ಎಷ್ಟು? ಬಸವನಗುಡಿ, ಮಲ್ಲೇಶ್ವರದ ಹಳೆಯ ಬಂಗಲೆಗಳ ಹಿತ್ತಿಲಿನಲ್ಲಿ ಬೇರೆ ಶೆಡ್ಡುಗಳಿದ್ದವೆಂದರೆ ಆ ನಿವೇಶನಗಳ ವಿಸ್ತಾರವೇ ಬೇರೆಯಾಗಿತ್ತು. ಇಂದಿನ ಸೈಟಿಗೆ ಪೋರ್ಟಿಕೊವೇ ಸರಿ. ಅಲ್ಲಿ ಗಮನವೆಲ್ಲ ಪಶ್ಚಿಮದ ಬಿಸಿಲಿನ ಮೇಲಿರಲಿ. ಬಣ್ಣದ ಮೇಲಿನ ಹೊಳಪು ಪದರ ಮಾಸುವುದು, ಡ್ಯಾಶ್‌ಬೋರ್ಡ್ ಬಿರಿಯುವುದು, ಟೈರಿನ ಬದಿ ಸೀಳುವುದು ವರ್ಷಗಟ್ಟಲೆ ಬಿದ್ದ ಬಿಸಿಲಿನಿಂದ. ಕಟ್ಟುವ ಮುನ್ನ ಪಾಲಿಕೆಯ ನಿಯಮ ಕೇಳಿ ತಿಳಿಯಿರಿ. ಸೆಟ್‌ಬ್ಯಾಕಿನಲ್ಲಿ ಎದ್ದ ಕಂಬವನ್ನು ಮುಂದೊಂದು ದಿನ ಕೀಳಬೇಕಾದರೆ ಹಾಕಿದ ಹಣವೆಲ್ಲ ಹೋಯಿತು.

ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ತೇವದ ಭಯ ಕಡಿಮೆ, ಕಾವಿನ ಭಯ ಹೆಚ್ಚು. ತಗಡಿನ ಮಾಡಿನ ಮುಚ್ಚಿದ ಶೆಡ್ ಮೇ ತಿಂಗಳಲ್ಲಿ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಕಾರಿನ ಬ್ಯಾಟರಿಗೆ ಇದು ನೇರ ಪೆಟ್ಟು. 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಸದಾ ಹೆಚ್ಚಿದ್ದರೆ ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಆ ಕಸುಬಿನವರ ಲೆಕ್ಕ. ಇಲ್ಲಿ ಎತ್ತರದ ಮಾಡು, ಪಶ್ಚಿಮಕ್ಕೆ ಜಾಲಿ ಇಟ್ಟಿಗೆಯ ಮರೆ, ಅದರ ಮೇಲೆ ಹಬ್ಬಿಸಿದ ಬಳ್ಳಿ ಇದ್ದರೆ ಯಾವ ಶೆಡ್ಡೂ ಕೊಡದ ತಂಪು ಸಿಗುತ್ತದೆ. ಧೂಳು ಕೂರುತ್ತದೆ, ನಿಜ. ಧೂಳನ್ನು ನೀರು ಹಾಕಿ ತೊಳೆದರೆ ಆಯಿತು. ಒಣಬಟ್ಟೆಯಲ್ಲಿ ಉಜ್ಜಿದರೆ ಮಾತ್ರ ಗೀರು ಬೀಳುತ್ತದೆ.

ಎಲ್ಲ ಊರಿಗೂ ಅನ್ವಯಿಸುವ ಕೆಲವು ಮಾತುಗಳಿವೆ. ಚಪ್ಪರ ಕನಿಷ್ಠ 10 ಅಡಿ ಅಗಲ, 18 ಅಡಿ ಉದ್ದ ಇರಲಿ. ನಾಲ್ಕು ಮೀಟರಿನೊಳಗಿನ ಚಿಕ್ಕ ಕಾರಿಗೆ ಇದು ಧಾರಾಳ, ಇನೋವಾದಂಥ ದೊಡ್ಡ ಗಾಡಿಗೂ ಸಾಕು. ಇಂದಿನ ಕಾರನ್ನಷ್ಟೇ ಅಳೆದು ಕಟ್ಟಿಸಿದವರಿಗೆ ಮುಂದಿನ ಕಾರು ತೊಂದರೆ ಕೊಡುತ್ತದೆ. ಮೇಲಿನ 180 ಚದರಡಿ ಶೀಟನ್ನು ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಕೆಳಗಿನಿಂದ ಎತ್ತಲು ನೋಡುತ್ತದೆ. ಚಪ್ಪರ ಕುಸಿದು ಬೀಳುವುದಕ್ಕಿಂತ ಹಾರಿಹೋಗುವ ಅಪಾಯವೇ ಹೆಚ್ಚು. ಆದ್ದರಿಂದ ಕಂಬದ ಬುಡ ಎರಡೂವರೆ ಅಡಿ ಆಳದ ಕಾಂಕ್ರೀಟಿನಲ್ಲಿ ಕೂರಲಿ, ಶೀಟನ್ನು ಬಿಗಿಯುವ ಬೋಲ್ಟುಗಳಲ್ಲಿ ಜಿಪುಣತನ ಬೇಡ. ನೆಲ ಮಣ್ಣಿನದೋ ಹುಲ್ಲಿನದೋ ಆಗಿದ್ದರೆ ಮಾಡು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ, ತೇವ ಕೆಳಗಿನಿಂದಲೇ ಏರುತ್ತದೆ. ಅಂಗಳಕ್ಕಿಂತ ಆರು ಅಂಗುಲ ಎತ್ತರಿಸಿ, ಕಲ್ಲೋ ಕಾಂಕ್ರೀಟೋ ಹಾಸಿ, ಇಪ್ಪತ್ತಡಿಗೆ ನಾಲ್ಕು ಅಂಗುಲದ ಇಳಿಜಾರು ಕೊಡಿ. ಮಾಡಿನ ನೀರಿಗೆ ದೋಣಿ ಹಾಕಿಸಿ ದೂರಕ್ಕೆ ಸಾಗಿಸಿ. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಕವರ್ ಎಳೆಯುವುದನ್ನಂತೂ ಇಂದೇ ನಿಲ್ಲಿಸಿ. ಕಾರಿಗೆ ಮೈಗಂಟಿದ ಮುಚ್ಚಿದ ಶೆಡ್ ಅದು. ವಿದ್ಯುತ್ ಕಾರು ಕೊಳ್ಳುವ ಯೋಚನೆಯಿದ್ದರೆ ಸರಿಯಾದ ಅರ್ತಿಂಗ್ ಇರುವ ಪ್ರತ್ಯೇಕ ಲೈನನ್ನು ಈಗಲೇ ಕಂಬದವರೆಗೆ ಎಳೆಸಿಡಿ.

ಹಾಗಾದರೆ ಶೆಡ್ ಯಾರಿಗೆ? ಭಾನುವಾರ ಮಾತ್ರ ಹೊರಡುವ ಪ್ರೀಮಿಯರ್ ಪದ್ಮಿನಿ ಇರುವವರಿಗೆ, ಅಪ್ಪನ ಅಂಬಾಸಿಡರ್ ಉಳಿಸಿಕೊಂಡವರಿಗೆ, ಮೊದಲ ಮಾರುತಿ 800 ಅನ್ನು ಮಾರಲು ಮನಸ್ಸು ಬಾರದವರಿಗೆ. 2014ರಲ್ಲಿ ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತಿತು. ಉಳಿದಿರುವವನ್ನು ಕಾಯುವುದು ಒಂದು ಜವಾಬ್ದಾರಿ. ಅವುಗಳ ಕ್ರೋಮು, ರಬ್ಬರ್ ಬೀಡಿಂಗು, ಗಾಜು ಹೋದರೆ ಇನ್ನೊಂದು ಹುಡುಕುವುದು ಕಷ್ಟ, ಬಿಸಿಲು ಮತ್ತು ಕಳ್ಳತನ ಎರಡರಿಂದಲೂ ಕಾಪಾಡಬೇಕು. ಅಂಥ ಕಾರು ಒಣಗಿಯೇ ಒಳಗೆ ಹೋಗುತ್ತದೆ, ಒಣಗಿಯೇ ಇರುತ್ತದೆ. ಅದಕ್ಕೆ ಗೋಡೆ ಸಲ್ಲುತ್ತದೆ.

ಆ ಶೆಡ್ಡನ್ನು ಕಟ್ಟುವ ಕ್ರಮವಿದೆ. ಎದುರುಬದುರು ಗೋಡೆಗಳಲ್ಲಿ ನೆಲದ ಹತ್ತಿರ ಒಂದು ಸಾಲು, ಮಾಡಿನ ಹತ್ತಿರ ಒಂದು ಸಾಲು ಕಿಂಡಿ ಬಿಡಿ. ತಣ್ಣನೆಯ ಗಾಳಿ ಕೆಳಗೆ ಬಂದು, ಬಿಸಿಯಾಗಿ ಮೇಲೆ ಹೋಗಲಿ. ಕಿಂಡಿಗೆ ಕಾಲು ಅಂಗುಲದ ಕಣ್ಣಿನ ತಂತಿ ಜಾಲರಿ ಹೊಡೆಸಿ, ಏಕೆಂದರೆ ಸದ್ದಿಲ್ಲದ ಕತ್ತಲೆಯ ಶೆಡ್ಡೆಂದರೆ ಇಲಿಗೆ ಬಲು ಇಷ್ಟ. ಅದು ಎಂಜಿನ್ನಿನ ಮಗ್ಗುಲಲ್ಲಿ ಗೂಡು ಮಾಡಿ ವೈರಿಂಗ್ ಕಡಿದರೆ ರಿಪೇರಿಯ ಬಿಲ್ಲು ಸಣ್ಣದಾಗಿರುವುದಿಲ್ಲ. ಬಾಗಿಲು ಒಂಬತ್ತಡಿ ಅಗಲಕ್ಕೆ ಕಡಿಮೆಯಾಗಬಾರದು. ಬಾಗಿಲು ಮುಚ್ಚಿಕೊಂಡು ಒಳಗೆ ಎಂಜಿನ್ ಓಡಿಸಲೇಬಾರದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ದೀರ್ಘಕಾಲ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಬಿಡಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ಅಡೆ ಕೊಡಿ. ಇಲ್ಲದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ.

ತೋಟದ ಮನೆಗಳವರಿಗೆ ಒಂದು ಮಾತು ಒತ್ತಿ ಹೇಳಬೇಕು. ಕಾರಿನ ಶೆಡ್ಡು ಬರಬರುತ್ತ ಉಗ್ರಾಣವಾಗುತ್ತದೆ. ಮೂಲೆಯಲ್ಲಿ ಪೊಟ್ಯಾಷ್ ಚೀಲ, ಬೋರ್ಡೊ ದ್ರಾವಣಕ್ಕೆ ತಂದ ಮೈಲುತುತ್ತ, ದನಕ್ಕೆ ತಂದ ಹಿಂಡಿ. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು, ಕಡಲ ಗಾಳಿಯನ್ನು ಶೆಡ್ಡಿನೊಳಗೇ ತಂದಿಟ್ಟ ಹಾಗೆ. ಮೈಲುತುತ್ತ ತೇವದೊಡನೆ ಸೇರಿ ಕಬ್ಬಿಣವನ್ನು ನೇರವಾಗಿ ತಿನ್ನುತ್ತದೆ. ಹಿಂಡಿ ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು ಕರೆಯುತ್ತದೆ. ಗೊಬ್ಬರಕ್ಕೂ ಕಾರಿಗೂ ಒಂದೇ ಸೂರು ಬೇಡವೇ ಬೇಡ. ಜಾಗ ಇರುವುದು ಒಂದೇ ಆದರೆ ಗೊಬ್ಬರ ಶೆಡ್ಡಿನೊಳಗಿರಲಿ, ಕಾರು ಹೊರಗೆ ಚಪ್ಪರದಡಿ ನಿಲ್ಲಲಿ.

ಕೊನೆಗೆ ಹಣ ಹಾಕುವ ಕ್ರಮದ ಮಾತು. ಮೊದಲು ಎತ್ತರಿಸಿದ, ನೀರು ನಿಲ್ಲದ ನೆಲ. ಅದರ ಮೇಲೆ ಗಾಳಿಗೆ ಅಲುಗದ ಮಾಡು. ಆಮೇಲೆ ಪಶ್ಚಿಮದ ಮರೆ. ಇಷ್ಟಾದ ಮೇಲೆ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಾರನ್ನು ಅಲ್ಲೇ ನಿಲ್ಲಿಸಿ ನೋಡಿ. ಎಲ್ಲಿ ಇರಚಲು ತಾಗುತ್ತದೆ, ಎಷ್ಟು ಹೊತ್ತಿಗೆ ಬಿಸಿಲು ಒಳಗೆ ಬರುತ್ತದೆ, ನೆಲ ಎಷ್ಟು ಬೇಗ ಆರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಎರಡನೆಯ ಗೋಡೆ ಬೇಕೋ ಬೇಡವೋ ಎನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ. ಚಪ್ಪರಕ್ಕೆ ಮುಂದೆ ಗೋಡೆ ಸೇರಿಸುವುದು ಸುಲಭ, ಕಟ್ಟಿದ ಗೋಡೆ ಒಡೆದು ಗಾಳಿಗೆ ದಾರಿ ಮಾಡುವುದು ಕಷ್ಟ. ಬಾಗಿಲು, ಬೀಗಗಳ ಖರ್ಚು ಕಟ್ಟಕಡೆಗೆ ಬರಲಿ, ಅದೂ ನಿಂತೇ ಇರುವ ಕಾರು ಮನೆಯಲ್ಲಿದ್ದರೆ ಮಾತ್ರ.