ಪ್ರತಿಮೆಯ ಮುಂದಿನ ಮಾತು

ವಾಕ್ಸಂಯಮವೆಂದರೆ ಮೌನವೆಂದೇ ತಿಳಿಯುವುದು ರೂಢಿ. ಆದರೆ ಆಡಲೇಬೇಕಾದ ಮಾತನ್ನು ಯಾವ ಭಾವದಿಂದ ಆಡಬೇಕೆಂಬುದನ್ನೂ ಆಚಾರ್ಯರು ವಿಚಾರಿಸಿದ್ದಾರೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಸತ್ಯವನ್ನು ನಾಲ್ಕಾಗಿ ವಿಂಗಡಿಸಿ, ನಾಲ್ಕನೆಯದಕ್ಕೆ ಗರ್ಹಿತ, ಸಾವದ್ಯ, ಅಪ್ರಿಯ ಎಂಬ ಮೂರು ಭೇದಗಳನ್ನು ಹೇಳುತ್ತಾರೆ. ವಧೆಗೆ ಪ್ರೇರಿಸುವ ನುಡಿ ಸಾವದ್ಯ. ಭಯ, ಖೇದ, ವೈರಗಳನ್ನು ಹುಟ್ಟಿಸುವ ನುಡಿ ಅಪ್ರಿಯ. ಈ ಒರೆಗಲ್ಲಿಗೆ ಉಜ್ಜಿ ನೋಡತಕ್ಕ ಪ್ರಸಂಗವೊಂದು ಹಂಗೇರಿಯ ಇತಿಹಾಸದಲ್ಲಿದೆ.

1956ರ ಅಕ್ಟೋಬರ್ 23ರ ಮಧ್ಯಾಹ್ನ, ಬುಡಾಪೆಸ್ಟ್ ನಗರದಲ್ಲಿ ಕವಿ ಪೆಟೋಫಿಯ ಪ್ರತಿಮೆಯ ಬಳಿ ವಿದ್ಯಾರ್ಥಿಗಳೂ ನಾಗರಿಕರೂ ನೆರೆದರು. ನಟ ಇಮ್ರೆ ಶಿಂಕೊವಿಚ್ ಅಲ್ಲಿ ನಿಂತು, ಪೆಟೋಫಿ 1848ರಲ್ಲಿ ಬರೆದ ‘ರಾಷ್ಟ್ರಗೀತ’ವೆಂಬ ಕವಿತೆಯನ್ನು ವಾಚಿಸಿದನು. ದಾಸ್ಯವನ್ನು ತೊರೆಯುವ ಪ್ರತಿಜ್ಞೆ ಅದರ ಪಲ್ಲವಿ. ಸಂಕೋಲೆಗಿಂತ ಖಡ್ಗವೇ ಲೇಸೆಂಬ ಭಾವವೂ ಅದರಲ್ಲಿದೆ. ಬಳಿಕ ಜನಸಮೂಹವು ನಿರಾಯುಧವಾಗಿಯೇ ನದಿಯನ್ನು ದಾಟಿ ಸೇನಾನಿ ಬೆಮ್‌ನ ಪ್ರತಿಮೆಯತ್ತ ನಡೆಯಿತು.

ಅಂದು ರಾತ್ರಿ ಎಂಟು ಗಂಟೆಗೆ ಆಡಳಿತ ಪಕ್ಷದ ಮುಖ್ಯಸ್ಥ ಎರ್ನೊ ಗೆರೊ ರೇಡಿಯೋದಲ್ಲಿ ಮಾತನಾಡಿದನು. ಅದರಲ್ಲಿ ಖಡ್ಗದ ಹೆಸರಿರಲಿಲ್ಲ; ಬೀದಿಯಲ್ಲಿದ್ದವರ ಬಗ್ಗೆ ತಿರಸ್ಕಾರವಿತ್ತು. ತಮ್ಮ ಬೇಡಿಕೆಗಳನ್ನು ಪ್ರಸಾರ ಮಾಡಿರೆಂದು ಕೇಳಲು ಬಂದವರ ಸಿಟ್ಟು ಇಮ್ಮಡಿಸಿತು. ರೇಡಿಯೋ ಕೇಂದ್ರದ ಬಳಿ ಗುಂಡು ಹಾರಿತು; ಸ್ಟಾಲಿನ್ನನ ಬೃಹತ್ ಪ್ರತಿಮೆ ಉರುಳಿತು.

ಶಬ್ದವನ್ನಷ್ಟೇ ನೋಡುವ ವಿಮರ್ಶೆ ಕವಿತೆಯನ್ನು ಸಾವದ್ಯವೆಂದು ತಳ್ಳಿ, ಭಾಷಣವನ್ನು ಸಭ್ಯವೆಂದು ಒಪ್ಪೀತು. ಭಾವವನ್ನು ನೋಡುವ ವಿಮರ್ಶೆ ಹಾಗೆ ತೀರ್ಪು ಕೊಡಲಾರದು. ವಾಚಿಸಿದವನು ಕೇಳುವವರ ಮುಖವನ್ನು ಕಾಣುತ್ತಿದ್ದನು, ಅವರ ಅಪಾಯದಲ್ಲಿ ತಾನೂ ಪಾಲುದಾರನಾಗಿದ್ದನು. ಗೆರೊನ ನುಡಿಯಾದರೋ ಅಪ್ರಿಯವಚನದ ಲಕ್ಷಣಕ್ಕೆ ನೇರವಾದ ಉದಾಹರಣೆ.

ಆದರೂ ಕವಿತೆಯನ್ನು ಪೂರ್ಣ ನಿರ್ದೋಷಿಯೆನ್ನಲಾಗದು. ಅಕ್ಟೋಬರ್ 30ರಂದು ಗಣರಾಜ್ಯ ಚೌಕದಲ್ಲಿ ಕೈಸೆರೆಯಾದ ರಕ್ಷಣಾ ಪೊಲೀಸರನ್ನು ಗುಂಪು ಹೊಡೆದು ಕೊಂದಿತು. ಗೃಹಸ್ಥನಿಗೆ ಅನಿವಾರ್ಯವೆನ್ನಲಾದ ವಿರೋಧಿ ಹಿಂಸೆಯ ಎಲ್ಲೆ ಅಲ್ಲಿ ದಾಟಿತು. ಶರಣಾದವನ ವಧೆ ಸಂಕಲ್ಪಿ ಹಿಂಸೆಯೇ. ಖಡ್ಗವನ್ನು ಹಾಡುವ ಕವಿತೆ ಅದನ್ನು ಎಲ್ಲಿ ಕೆಳಗಿಡಬೇಕೆಂದು ಹೇಳುವುದಿಲ್ಲ. ಅದೇ ಅದರ ಕೊರತೆ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರವನ್ನು ಹೊಕ್ಕವು. ಆ ಕ್ರಾಂತಿಯಲ್ಲಿ ಸುಮಾರು 2,500 ಹಂಗೇರಿಯನ್ನರು ಸತ್ತರು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು.

ಜಿನಬಿಂಬದ ಮುಂದೆ ನಿಲ್ಲುವ ಶ್ರಾವಕನು ಶಿಲೆಯನ್ನಲ್ಲ, ಗುಣವನ್ನು ವಂದಿಸುತ್ತಾನೆ. ಆ ಗುಣ ತನಗೂ ಬರಲೆಂದು ಬೇಡುತ್ತಾನೆ. ಯಾವ ಪ್ರತಿಮೆಯ ಮುಂದೆ ಮಾತನಾಡುವವನಿಗೂ ಇದೇ ನಿಯಮ. ಪ್ರತಿಮೆ ಎದುರು ಮಾತಾಡದು. ಅದರ ಹೆಸರಿನಲ್ಲಿ ಆಡಿದ ಮಾತಿನ ಹೊಣೆ ಆಡಿದವನದೇ. ತಾನು ಮಾಡಿದ್ದಕ್ಕಷ್ಟೇ ಅಲ್ಲ, ಮಾಡಿಸಿದ್ದಕ್ಕೂ ಅನುಮೋದಿಸಿದ್ದಕ್ಕೂ ಕರ್ಮಬಂಧವುಂಟೆಂಬುದನ್ನು ನೆನೆದು ಅವನು ಬಾಯಿ ತೆರೆಯಬೇಕು.